ದೋಣಿಯೊಳಗಿನ ನೀರು

 

ಹಂಪಿಯ ಚಕ್ರತೀರ್ಥದ ಬಳಿ ತುಂಗಭದ್ರೆ ಬಂಡೆಗಳ ನಡುವೆ ಕಿರಿದಾಗಿ ಹರಿಯುತ್ತದೆ. ಶಾಲಾ ಪ್ರವಾಸದಲ್ಲಿ ಅಲ್ಲಿ ಹರಿಗೋಲು ಹತ್ತಿದ್ದೆವು. ಈಗ ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹೊದಿಕೆ. ಹಿಂದೆ ಚರ್ಮ ಹೊದಿಸುತ್ತಿದ್ದರು. ಅದನ್ನು ಕೇಳಿ ಸಹೋದ್ಯೋಗಿಯೊಬ್ಬರು "ಅಯ್ಯೋ, ಚರ್ಮದ ಮೇಲೆ ಕೂರಬೇಕಿತ್ತಾ!" ಎಂದು ನಕ್ಕರು. ನಾನೂ ನಕ್ಕೆ. ನನ್ನಜ್ಜ ಚರ್ಮ ಹದ ಮಾಡುತ್ತಿದ್ದವರು.

ಇಕ್ಕಟ್ಟು ಬರುವ ಮೊದಲೇ ಅಂಬಿಗರು ನನ್ನ ಕೈಗೊಂದು ಡಬ್ಬಿ ಕೊಟ್ಟು, ತಳದ ನೀರು ಎತ್ತಿ ಚೆಲ್ಲಲು ಹೇಳಿದರು. ಒಳಗೆ ನೀರು ನಿಂತರೆ ಹರಿಗೋಲು ಭಾರವಾಗಿ ತಗ್ಗುತ್ತದೆ. ಮೇಲೆ ಕಾಣದ ಬಂಡೆ ತಳಕ್ಕೆ ತಾಗುತ್ತದೆ. ಬಂಡೆ ಸರಿಸಲು ಅವರಿಂದಾಗದು, ನೀರು ಚೆಲ್ಲಲು ನನ್ನಿಂದಾಗುತ್ತದೆ.

ಧಮ್ಮಪದದ ಭಿಕ್ಖು ವಗ್ಗದಲ್ಲಿ ಬುದ್ಧರು ಭಿಕ್ಖುವಿಗೆ ಹಚ್ಚುವ ಕೆಲಸವೂ ಇದೇ. ರಾಗ ದ್ವೇಷಗಳ ಮಾತು ಅದರ ಬೆನ್ನಿಗೇ ಬರುತ್ತದೆ. ನನ್ನ ದೋಣಿಯಲ್ಲಿ ನಿಂತಿದ್ದು ಅಂಜಿಕೆ. ಪ್ರತಿ ಅಕ್ಟೋಬರ್ 14ರಂದು 22 ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಹೇಳುವ ಬಾಯಿ ಅಜ್ಜನ ಕಸುಬಿಗೆ ನಕ್ಕಿತ್ತು. (ಕನ್ನಡ ಎಂಎ ಆಗ ಯಾವ ನೆರವಿಗೂ ಬರಲಿಲ್ಲ!)

ದಡ ಹತ್ತಿದ ಮೇಲೆ ಸಹೋದ್ಯೋಗಿಗೆ ಅಜ್ಜನ ವಿಷಯ ಹೇಳಿದೆ. ಅವರು ನದಿ ನೋಡುತ್ತಾ ಸುಮ್ಮನೆ ನಿಂತರು. ಡಬ್ಬಿ ನನ್ನ ಕೈಯಲ್ಲೇ ಉಳಿದಿತ್ತು. ಅಂಬಿಗರು ಕೂಗಿ ಕರೆದು ವಾಪಸ್ ಪಡೆದರು.