ಸ್ವಾಮಿ ಅಂದದ್ದು ಯಾರಿಗೆ?



ಮಾಲೆ ಹಾಕಿದ ದಿನದಿಂದ ಎದುರಿಗೆ ಸಿಕ್ಕವರನ್ನೆಲ್ಲ ‘ಸ್ವಾಮಿ’ ಅಂತೀವಿ. ಸನ್ನಿಧಾನದಲ್ಲಿ ‘ತತ್ತ್ವಮಸಿ’ ಓದಿ ಕೈ ಮುಗೀತೀವಿ. ಅದು ನನಗೆ ಸ್ವಲ್ಪ ಅರ್ಥ ಆಗಿದ್ದು ಇಲ್ಲೇ ಪುಣೆಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ನಮ್ಮ ತಂಡದ ಹಿರಿಯ ಸ್ವಾಮಿಯೊಬ್ಬರು (ಹೆಸರು ಹಾಕಬೇಡಿ ಅಂದಿದ್ದಾರೆ) ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಲಕ್ವ ಹೊಡೆದು ಮಲಗಿರೋ ಅಜ್ಜ ಒಬ್ಬರ ಮನೆಗೆ ಹೋಗ್ತಾರೆ. ಮೈ ಒರೆಸ್ತಾರೆ, ಗಡ್ಡ ತೆಗೀತಾರೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ರೆ ಬೆನ್ನು, ಸೊಂಟ ಹುಣ್ಣಾಗುತ್ತೆ. ಅಜ್ಜಿ ಒಬ್ಬರಿಂದ ಆಗಲ್ಲ. ಹಾಗಾಗಿ ಅಕ್ಕಪಕ್ಕದ ಮನೆಯವರಿಗೂ ಕಲಿಸಿ ಸರದಿ ಮಾಡಿದ್ದಾರೆ.

ಮೊದಲ ದಿನ ನಾನು ಬಾಗಿಲಲ್ಲೇ ನಿಂತೆ. ವಾಸನೆ. ಮಡಿ ಕೆಡುತ್ತೆ ಅನ್ನೋ ನೆಪ ಬೇರೆ. ಒಳಗಿಂದ “ಸ್ವಾಮಿ, ಸ್ವಲ್ಪ ಈ ಕಡೆ ತಿರುಗೋಣ” ಅಂದ್ರು. ನನಗೇ ಅಂದ್ರು ಅಂದುಕೊಂಡು ಓಡಿದೆ. ಕರೆದದ್ದು ಅಜ್ಜನನ್ನ. ಆಮೇಲೆ ನನ್ನ ಕಡೆ ನೋಡಿ, “ಬಂದ್ರಲ್ಲ, ಹೆಗಲು ಹಿಡೀರಿ. ಮನೆಗೆ ಹೋಗಿ ಸ್ನಾನ ಮಾಡಿದ್ರಾಯ್ತು” ಅಂದ್ರು.

ನಾವು ಯಾತ್ರೆ ಹೋಗೋ ಕೇರಳದಲ್ಲಿ ಇದು ದೊಡ್ಡ ಕೆಲಸವಾಗಿ ಬೆಳೆದಿದೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಸೇವೆ ಊರೂರಿಗೆ ಹಬ್ಬಿತು. ಊರವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗ್ತಾರೆ. 2008ರಲ್ಲಿ ಸರ್ಕಾರವೇ ಅದಕ್ಕೊಂದು ನೀತಿ ತಂತು.

ಮುಂದಿನ ವಾರ ಹಿರಿಯ ಸ್ವಾಮಿ ಇರುಮುಡಿ ಕಟ್ತಾರೆ. ನಾಲ್ಕು ಬೆಳಿಗ್ಗೆ ಖಾಲಿ. ನಾನು ಮಕರವಿಳಕ್ಕಿಗೆ ಹೋಗೋನು, ಹಾಗಾಗಿ ಎರಡು ನನ್ನದು. ಇನ್ನೆರಡಕ್ಕೆ ಯಾರು ಬರ್ತೀರಿ ಸ್ವಾಮಿ?

ಸ್ವಾಮಿಯೇ ಶರಣಂ ಅಯ್ಯಪ್ಪ.