ಒಂದು ಲೋಟ ನೀರು



ಇಟಲಿಯ ಪಿಸ್ತೋಯಾ ಪಟ್ಟಣದಲ್ಲಿ ‘ಚೆಪ್ಪೊ’ ಎಂಬ ಹಳೆಯ ಆಸ್ಪತ್ರೆಯ ಕಟ್ಟಡವಿದೆ. ಅದರ ಮುಂಭಾಗದ ಕಮಾನುಗಳ ಮೇಲೆ ಸುಟ್ಟ ಮಣ್ಣಿನ ಉಬ್ಬುಶಿಲ್ಪಗಳ ಸಾಲೊಂದಿದೆ. ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಉಡುಪು, ಯಾತ್ರಿಕರಿಗೆ ಆಸರೆ, ರೋಗಿಗಳ ಹಾಗೂ ಸೆರೆಯಾಳುಗಳ ಭೇಟಿ, ಸತ್ತವರ ಸಂಸ್ಕಾರ, ಬಾಯಾರಿದವರಿಗೆ ನೀರು. ನಾವು ಧರ್ಮೋಪದೇಶದಲ್ಲಿ ಕಲಿತ ಏಳು ದಯಾಕಾರ್ಯಗಳೇ ಅಲ್ಲಿ ಕಥೆಯಾಗಿ ನಿಂತಿವೆ.

ಅವುಗಳಲ್ಲಿ ಹೆಚ್ಚಿನವು 1520ರ ದಶಕದವು; ಶಿಲ್ಪಿ ಸಾಂತಿ ಬುಲ್ಯೋನಿಯವರದೆಂದು ಹೇಳುತ್ತಾರೆ. ವೈದ್ಯನೊಬ್ಬ ರೋಗಿಯ ನಾಡಿ ಹಿಡಿದಿದ್ದಾನೆ. ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಸನ್ಯಾಸಿ ಲಿಯೊನಾರ್ದೊ ಬುವೊನಾಫೆದೆಯವರು ಬಡವರ ನಡುವೆ ಮತ್ತೆ ಮತ್ತೆ ಕಾಣಿಸುತ್ತಾರೆ. ಚಿಕಿತ್ಸೆಗೆ ಬಂದ ಬಡವ ತಲೆಯೆತ್ತಿದರೆ ತನ್ನಂಥವರನ್ನೇ ಕಾಣುತ್ತಿದ್ದ.

ಈ ಕೆಲಸದ ಬಗೆ ಹೀಗೆ: ಮಣ್ಣನ್ನು ತಿದ್ದಿ, ಒಣಗಿಸಿ, ಸುಡುತ್ತಾರೆ. ಆಮೇಲೆ ತವರ ಬೆರೆತ ಮೆರುಗು ಹಚ್ಚಿ ಮತ್ತೊಮ್ಮೆ ಆವಿಗೆಗೆ ಹಾಕುತ್ತಾರೆ. ಬೆಂಕಿಯಲ್ಲಿ ಬಣ್ಣ ಮಣ್ಣಿಗೇ ಅಂಟಿ ಒಂದಾಗುತ್ತದೆ.

ಆದರೆ ಬಾಯಾರಿದವರಿಗೆ ನೀರು ಕೊಡುವ ಫಲಕ ಮಾತ್ರ ಆಗ ಪೂರ್ಣವಾಗಲಿಲ್ಲ. ಸುಮಾರು 60 ವರುಷಗಳ ನಂತರ, 1580ರ ದಶಕದಲ್ಲಿ ಫಿಲಿಪ್ಪೊ ಪಲದೀನಿ ಎಂಬವರು ಅದನ್ನು ಮಾಡಿದರು. ಅದಕ್ಕೆ ಆ ಮೆರುಗಿಲ್ಲ. ಮೇಲೆ ಬಣ್ಣ ಬಳಿದಿದೆ, ಅಷ್ಟೆ.

ಎಲ್ಲಕ್ಕಿಂತ ಸುಲಭವಾದ ಕೆಲಸವೇ ಬಾಕಿ ಉಳಿಯಿತು! ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ? ಅನಾಥಾಶ್ರಮಕ್ಕೆ ಅಕ್ಕಿ ಕೊಡುತ್ತೇವೆ, ತಪಸ್ಸುಕಾಲದಲ್ಲಿ ಕಾಣಿಕೆ ಹಾಕುತ್ತೇವೆ. ಆದರೆ ಮನೆ ಆಶೀರ್ವಾದಕ್ಕೆಂದು ಹೋದಾಗ ಕೆಲವು ಹಿತ್ತಿಲುಗಳಲ್ಲಿ ಕವುಚಿಟ್ಟ ಒಂಟಿ ಲೋಟವನ್ನು ಕಂಡಿದ್ದೇನೆ. ಅದು ಕೆಲಸದವಳದು. ಬೇರೆಯವರಿಗೆ ಹೇಳುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು: ನನ್ನ ಗುರುಮನೆಯ ಹಿತ್ತಿಲಲ್ಲೂ ಅಂಥದೊಂದು ಲೋಟವಿತ್ತು. ಎಷ್ಟೋ ದಿನ ನೋಡಿಯೂ ನೋಡದಂತೆ ಪೂಜೆಗೆ ಹೋಗಿದ್ದೇನೆ.

ಜ್ಞಾನಸ್ನಾನದ ತೊಟ್ಟಿಯ ನೀರಿಗೆ ಜಾತಿಯಿಲ್ಲ. ಹಾಗಾದರೆ ಅಡುಗೆಮನೆಯ ನೀರಿಗೆ ಏಕೆ? ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 10). ಬಾಯಾರಿದವನಿಗೆ ಕೊಟ್ಟದ್ದು ತಮಗೇ ಕೊಟ್ಟದ್ದೆಂದೂ ಹೇಳಿದ್ದಾರೆ (ಮತ್ತಾಯ 25). ಅಂದಮೇಲೆ ಹಿತ್ತಿಲಲ್ಲಿರುವ ಆ ಲೋಟ ಯಾರದು? ಯೋಚಿಸಿ.

ಮೇಲೆ ಬಳಿದ ದಯೆ ಸುಲಭ. ಬೆಂಕಿಯಲ್ಲಿ ಹಾದು ಬಂದ ದಯೆಗೆ ನೋವುಂಟು: ಹಿರಿಯರು ಗೊಣಗುತ್ತಾರೆ, ನೆಂಟರು ನಗುತ್ತಾರೆ, ನಮ್ಮ ಅಭಿಮಾನವೂ ಸುಡುತ್ತದೆ. ಸುಡಲಿ, ಕುಂಬಾರನಾದ ದೇವರು ನಮ್ಮನ್ನು ಬಿಡುವುದಿಲ್ಲ. ಈ ವಾರ ಆ ಲೋಟವನ್ನು ಒಳಗೆ ತಂದು, ತೊಳೆದು, ಉಳಿದ ಲೋಟಗಳ ಜತೆ ಇಡಿ. ಅವಳನ್ನೂ ಒಳಗೆ ಕರೆದು ಕೂರಿಸಿ ನೀರು ಕೊಡಿ.

ಪ್ರಭು ನಿಮ್ಮ ಮನೆಯನ್ನು ಹರಸಲಿ.