ಏನೂ ನಾಶವಾಗದ ಲೋಕದಲ್ಲಿ ನಷ್ಟವೆಂದರೇನು?

ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ಅದು ಮುಗಿದ ದಿನ ಸಿಲಿಂಡರನ್ನು ಸಲೀಸಾಗಿ ಎತ್ತಿ ಬಾಗಿಲ ಹೊರಗಿಡುತ್ತೇವೆ. ಒಳಗಿದ್ದದ್ದು ಎಲ್ಲಿ ಹೋಯಿತು? ಉರಿದುಹೋಯಿತು ಎಂದರೆ ಸಾಲದು. ಅಷ್ಟು ಅನಿಲ ಪೂರ್ತಿ ಉರಿಯಲು ಗಾಳಿಯಿಂದ ಸುಮಾರು 51 ಕಿಲೋ ಆಮ್ಲಜನಕ ಬೇಕು. ಎರಡೂ ಕೂಡಿ ಹೆಚ್ಚುಕಡಿಮೆ 43 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು 22 ಕಿಲೋ ನೀರಾವಿಯಾಗಿ ಅಡುಗೆಮನೆಯ ಕಿಟಕಿಯಿಂದ ಆಚೆ ಹೋಗುತ್ತವೆ. ಉರಿಗೆ ಸೇರಿದ್ದು 65 ಕಿಲೋ, ಉರಿಯಿಂದ ಹೊರಬಂದದ್ದೂ 65 ಕಿಲೋ. ಲೆಕ್ಕ ಚುಕ್ತಾ ಆಯಿತು.

ಹಾಗಿದ್ದರೆ ಹಣ ಕೊಟ್ಟು ಇನ್ನೊಂದು ಸಿಲಿಂಡರ್ ತರಿಸುವುದು ಏಕೆ? ಒಂದು ಪರಮಾಣುವೂ ಕಳೆದುಹೋಗಿಲ್ಲ, ಆದರೂ ಏನೋ ಕಳೆದಿದೆ. ಸಂರಕ್ಷಣಾ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾವೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಕಳೆದದ್ದು ಯಾವುದು?

ನಮ್ಮ ದರ್ಶನಗಳು ಈ ಪ್ರಶ್ನೆಯ ಮೇಲೆ ಶತಮಾನಗಳ ಕಾಲ ವಾದ ಮಾಡಿವೆ. ಇಲ್ಲದ್ದು ಹುಟ್ಟುವುದಿಲ್ಲ, ಕಾರ್ಯವೆಂಬುದು ಕಾರಣದಲ್ಲಿ ಮೊದಲೇ ಇರುತ್ತದೆ ಎಂದರು ಸಾಂಖ್ಯರು. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಈ ಸತ್ಕಾರ್ಯವಾದಕ್ಕೆ ಕಾರಣಗಳನ್ನು ಒಂದೊಂದಾಗಿ ಕೊಡುತ್ತದೆ. ನ್ಯಾಯ ವೈಶೇಷಿಕರು ಇದನ್ನು ಒಪ್ಪಲಿಲ್ಲ. ಮಡಕೆ ಮಣ್ಣಿನಲ್ಲೇ ಇದ್ದಿದ್ದರೆ ಕುಂಬಾರನಿಗೇನು ಕೆಲಸ? ಮಣ್ಣಿನ ಮುದ್ದೆಯಲ್ಲಿ ನೀರು ತರಲು ಏಕೆ ಆಗುವುದಿಲ್ಲ? ಅವರ ಪ್ರಕಾರ ಮಡಕೆ ಹೊಸದಾಗಿ ಹುಟ್ಟಿದ ವಸ್ತು. ಒಡೆದಾಗ ಅದು ನಿಜಕ್ಕೂ ಇಲ್ಲವಾಗುತ್ತದೆ. ಆ ಇಲ್ಲದಿರುವಿಕೆಯನ್ನು ಅವರು ಪ್ರಧ್ವಂಸಾಭಾವ ಎಂದು ಕರೆದರು. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ.

ಈ ವಾದದಲ್ಲಿ ಆಧುನಿಕ ವಿಜ್ಞಾನ ಸಾಂಖ್ಯರ ಪರ ತೀರ್ಪು ಕೊಟ್ಟಿತು ಎಂದು ಹಲವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ, ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಹೇಳುವುದಕ್ಕೂ ತೂಗುವುದಕ್ಕೂ ಇರುವ ಅಂತರ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ವಸ್ತು ಉರಿಯುವಾಗ ಫ್ಲೊಜಿಸ್ಟನ್ ಎಂಬುದು ಅದರಿಂದ ಹೊರಟುಹೋಗುತ್ತದೆ ಎಂಬ ನಂಬಿಕೆಯಿತ್ತು. ಆದರೆ ಲೋಹವನ್ನು ಕಾಸಿದರೆ ಅದರ ತೂಕ ಹೆಚ್ಚುತ್ತಿತ್ತು. ಏನೋ ಹೊರಟುಹೋದ ಮೇಲೆ ತೂಕ ಹೆಚ್ಚುವುದು ಹೇಗೆ? ಫ್ರಾನ್ಸಿನ ಲವಾಸಿಯೇ 1774ರಲ್ಲಿ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಬೆಸೆದು ಕಾಸಿದ. ಒಟ್ಟು ತೂಕ ಬದಲಾಗಲಿಲ್ಲ. ಬಾಯಿ ಒಡೆದಾಗ ಗಾಳಿ ಒಳಗೆ ನುಗ್ಗಿತು, ಆಗ ತೂಕ ಏರಿತು. ಪಾತ್ರೆಯೊಳಗಿನ ಗಾಳಿಯ ಒಂದು ಭಾಗ ತವರದೊಂದಿಗೆ ಸೇರಿಹೋಗಿತ್ತು. ದ್ರವ್ಯ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂಬುದನ್ನು 1789ರ ತನ್ನ ಗ್ರಂಥದಲ್ಲಿ ಅವನು ರಸಾಯನಶಾಸ್ತ್ರದ ಬುನಾದಿಯಾಗಿಸಿದ. ಈ ನಿಯಮದ ಬಲವೆಲ್ಲ ಆ ಮುಚ್ಚಿದ ಪಾತ್ರೆಯಲ್ಲಿ ಮತ್ತು ತಕ್ಕಡಿಯಲ್ಲಿದೆ. ಸಾಂಖ್ಯರ ತರ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ತೂಗಿ ನೋಡುವ ಪರೀಕ್ಷೆಗೆ ಅದು ಒಡ್ಡಿಕೊಂಡಿರಲಿಲ್ಲ.

ಎರಡನೆಯ ಕಾರಣ ಇನ್ನೂ ಮುಖ್ಯ. ವಿಜ್ಞಾನಿ ಮೇಯರ್ 1842ರಲ್ಲಿ ಮಂಡಿಸಿ, ಜೂಲ್ ನೀರು ಕಡೆದು ಅಳೆದು, ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಗಣಿತದಲ್ಲಿ ನಿಲ್ಲಿಸಿದ ಶಕ್ತಿ ಸಂರಕ್ಷಣಾ ನಿಯಮವೂ ಮೊತ್ತ ಬದಲಾಗದು ಎಂದೇ ಹೇಳುತ್ತದೆ. ಆದರೆ ಒಲೆಯ ಉರಿಯಿಂದ ಬಂದ ಉಷ್ಣ ಕುದಿವ ನೀರಿಗೆ, ಪಾತ್ರೆಗೆ, ಗಾಳಿಗೆ, ಗೋಡೆಗೆ ಹಂಚಿಹೋಗುತ್ತದೆ. ಸಂಜೆ ಹೊತ್ತಿಗೂ ಆ ಶಕ್ತಿಯೆಲ್ಲ ಲೋಕದಲ್ಲಿ ಇದ್ದೇ ಇರುತ್ತದೆ. ಆದರೆ ಅದರಿಂದ ಒಂದು ಲೋಟ ಚಹಾ ಕಾಸಲಾಗುವುದಿಲ್ಲ. ಒಂದೆಡೆ ಒಟ್ಟಾಗಿದ್ದಾಗ ಅದು ಕೆಲಸ ಮಾಡಬಲ್ಲ ಶಕ್ತಿ, ಚೆದುರಿದ ಮೇಲೆ ಬರಿಯ ಬಿಸುಪು. ಈ ಚೆದುರುವಿಕೆಯ ಅಳತೆಗೆ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟ.

ಕಳೆದದ್ದು ಯಾವುದು ಎಂಬುದಕ್ಕೆ ಉತ್ತರ ಇಲ್ಲಿದೆ. ದ್ರವ್ಯವೂ ಶಕ್ತಿಯೂ ಉಳಿದಿವೆ, ಜೋಡಣೆ ಹೋಗಿದೆ.

ಹೋದ ಜೋಡಣೆಯನ್ನು ಮರಳಿ ಪಡೆಯಬಾರದೇ? ಪಡೆಯಬಹುದು, ಬೆಲೆ ತೆತ್ತು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ನೀರು ಆರಿ ಆ ಉಪ್ಪು ಹರಳುಗಟ್ಟಿ ಕೈಗೆ ಬರುತ್ತದೆ. ಒಂದು ಕಿಲೋ ಉಪ್ಪಿಗೆ ಸುಮಾರು 30 ಲೀಟರ್ ನೀರು ಆರಬೇಕು. ಅದೇ ಕೆಲಸವನ್ನು ಒಲೆಯ ಮೇಲೆ ಮಾಡಿದರೆ, ಉಷ್ಣ ಒಂದಿಷ್ಟೂ ಪೋಲಾಗದಿದ್ದರೂ ಒಂದೂವರೆ ಕಿಲೋ ಗ್ಯಾಸ್ ಬೇಕು. ಆಗರದಲ್ಲಿ ಈ ಬೆಲೆಯನ್ನು ಸೂರ್ಯ ತೆರುತ್ತಾನೆ. ಚೆದುರಿದ್ದನ್ನು ಇಲ್ಲಿ ಕೂಡಿಸಬೇಕಾದರೆ ಬೇರೆಲ್ಲೋ ಅದಕ್ಕಿಂತ ಹೆಚ್ಚು ಚೆದುರಲೇಬೇಕು. ಈ ನಿಯಮಕ್ಕೆ ರಿಯಾಯಿತಿ ಇಲ್ಲ.

ಐನ್‌ಸ್ಟೈನ್ 1905ರಲ್ಲಿ ದ್ರವ್ಯರಾಶಿ ಮತ್ತು ಶಕ್ತಿಯನ್ನು ಒಂದೇ ಲೆಕ್ಕಕ್ಕೆ ತಂದ ಮೇಲೆ ಮುಚ್ಚಿದ ಪಾತ್ರೆಯ ನಿಯಮ ಸುಳ್ಳಾಯಿತೇ ಎಂದು ಕೇಳಬಹುದು. ಒಂದು ಸಿಲಿಂಡರ್ ಪೂರ್ತಿ ಉರಿದು ಬಿಟ್ಟುಕೊಡುವ ಉಷ್ಣಕ್ಕೆ ಸಮನಾದ ದ್ರವ್ಯರಾಶಿ ಸುಮಾರು 7 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಭಾಗಗಳಲ್ಲಿ ಏಳು. ಅಡುಗೆಮನೆಯ ರಸಾಯನದಲ್ಲಿ ಯಾವ ತಕ್ಕಡಿಗೂ ಇದು ಸಿಗದು. ನಿಯಮ ವಿಸ್ತಾರಗೊಂಡಿತು, ಮುರಿಯಲಿಲ್ಲ.

ಆದ್ದರಿಂದ ನನ್ನ ನಿಲುವು ಇದು: ದ್ರವ್ಯ ಮತ್ತು ಶಕ್ತಿಯ ಮೊತ್ತದ ವಿಚಾರದಲ್ಲಿ ಸಾಂಖ್ಯರ ಮಾತು ನಿಲ್ಲುತ್ತದೆ, ರೂಪದ ವಿಚಾರದಲ್ಲಿ ನ್ಯಾಯ ವೈಶೇಷಿಕರದು. ನಾವು ಬೆಲೆಕಟ್ಟುವುದೆಲ್ಲ ರೂಪಕ್ಕೇ. ಅನ್ನ, ಮರ, ಮನುಷ್ಯ ಎಲ್ಲವೂ ಜೋಡಣೆಗಳೇ. ತೀರಿಕೊಂಡವರ ಪರಮಾಣುಗಳು ಮಣ್ಣಿನಲ್ಲಿ, ಗಾಳಿಯಲ್ಲಿ ಉಳಿದಿವೆ ಎಂಬ ಸಮಾಧಾನ ಲೆಕ್ಕದ ಪ್ರಕಾರ ಸರಿ. ದುಃಖಿಸುವವರು ಪರಮಾಣುಗಳಿಗಾಗಿ ಅಳುತ್ತಿಲ್ಲ. ಅವರ ದುಃಖವನ್ನು ಅಜ್ಞಾನವೆನ್ನಲು ಭೌತಶಾಸ್ತ್ರ ಅನುಮತಿ ಕೊಡುವುದಿಲ್ಲ.

ಸಂರಕ್ಷಣಾ ನಿಯಮ ನಮ್ಮ ಮೇಲೆ ಎರಡು ಹೊಣೆ ಹೊರಿಸುತ್ತದೆ. ಸುಟ್ಟರೆ ಕಸ ತೊಲಗಿತು ಎಂದುಕೊಳ್ಳಬಾರದು: ಒಂದು ಕಿಲೋ ಪಾಲಿಥೀನ್ ಪೂರ್ತಿ ಉರಿದರೆ ಮೂರು ಕಿಲೋಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ; ಅರೆಬರೆ ಉರಿದರೆ ಉಳಿದದ್ದು ವಿಷದ ಹೊಗೆ. ಹಾಗೆಯೇ, ಎಲ್ಲವೂ ಉಳಿಯುತ್ತದೆ ಎಂಬ ಧೈರ್ಯದಲ್ಲಿ ಕಾಡನ್ನೋ ಕೆರೆಯನ್ನೋ ಕೆಡಿಸಬಾರದು: ದೀರ್ಘಕಾಲದ ಬಿಸಿಲು ಕಟ್ಟಿದ ಜೋಡಣೆಯನ್ನು ಕೆಡಿಸಲು ಒಂದು ವಾರ ಸಾಕು, ಮತ್ತೆ ಕಟ್ಟಲು ಅಷ್ಟೇ ಬಿಸಿಲು ಬೇಕು. ಏನನ್ನಾದರೂ ಸುಡುವ, ಕಡಿಯುವ, ಎಸೆಯುವ ಮೊದಲು ಅದು ಎಲ್ಲಿಗೆ ಹೋಗುತ್ತದೆ, ಅದನ್ನು ಮರಳಿ ಕಟ್ಟುವ ಬೆಲೆ ಯಾರು ತೆರುತ್ತಾರೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಆ ಕೈಯನ್ನು ತಡೆಯಿರಿ.